ಸುಂಕವಿಲ್ಲದ ಬಂದರಿನಲ್ಲಿ ಅಡಿಕೆಯಷ್ಟು ಅಫೀಮು

ಸಿಂಗಪುರ ಬಂದರಿನಲ್ಲಿ ಸುಂಕವಿಲ್ಲ ಎಂದು ಹೇಳಿಕೊಳ್ಳುವುದು ನಮ್ಮ ಮ್ಯಾಜಿಸ್ಟ್ರೇಟ್ ಸಾಹೇಬರಿಗೆ ಊಟಕ್ಕಿಂತ ರುಚಿ. ನಾನು ಅವರ ಕಚೇರಿಯ ದುಭಾಷಿ. ಆ ಮಾತನ್ನು ಮಲಯ, ತಮಿಳು, ಬುಗಿಸ್ ಮೂರರಲ್ಲೂ ಹೇಳಿ ನನ್ನ ನಾಲಿಗೆ ಸವೆದಿತ್ತು.

ಆ ವರ್ಷ ಮೂಡಣ ಗಾಳಿಗೆ, ದೂರದ ದ್ವೀಪಗಳಿಂದ ಸರಕು ತರುವ ಬುಗಿಸರ ಹಡಗುಗಳು ಬಂದವು. ಅವರ ಮುಖಂಡ ಹಡಗಿನೊಡೆಯ, ನಾಖುದಾ ದಾಯೆಂಗ್ ಪತೊಂಪೊ. ಆಮೆಚಿಪ್ಪು, ಜೇನುಮೇಣ, ಚಿನ್ನದ ಪುಡಿ ಎಲ್ಲವೂ ಸುಂಕವಿಲ್ಲದೆ ದಡ ಸೇರಿತು. ಸಿಕ್ಕಿಬಿದ್ದದ್ದು ಅವನ ಅತ್ತೆ ಬೆಸ್ಸೆ. ಹಲ್ಲುನೋವಿಗೆಂದು ಮುದುಕಿ ಸೊಂಟದ ಗಂಟಿನಲ್ಲಿ ಅಡಿಕೆಯಷ್ಟು ಅಫೀಮು ಇಟ್ಟುಕೊಂಡಿದ್ದಳು. ಊರಿನಲ್ಲಿ ಅಫೀಮು ಮಾರುವ ಹಕ್ಕು ಒಬ್ಬ ಗುತ್ತಿಗೆದಾರನದು; ಅವನಿಂದ ಕೊಳ್ಳದೆ ಯಾರೂ ಇಟ್ಟುಕೊಳ್ಳುವಂತಿಲ್ಲ. ಅವನು ಕಟ್ಟುವ ಹಣದಲ್ಲೇ ಸರ್ಕಾರದ ಒಲೆ ಉರಿಯುತ್ತಿತ್ತು. ಅವನ ಜವಾನರು ಅಜ್ಜಿಯನ್ನು ಕಚೇರಿಗೆ ಎಳೆದು ತಂದರು.

“ಆಚೆ ನಿಂತಿರೋ ಬಿಳಿಯರ ಹಡಗಿನ ತುಂಬ ಇದೇ ಇದೆಯಲ್ಲಪ್ಪ,” ಅಂದಳು ಅಜ್ಜಿ.

“ಅದು ಪೆಟ್ಟಿಗೆಗಟ್ಟಲೆ ಇದೆ ಅಜ್ಜಿ, ಅದಕ್ಕೇ ವ್ಯಾಪಾರ. ನಿಮ್ದು ಚಿಟಿಕೆ, ಅದಕ್ಕೇ ಕಳ್ಳಮಾಲು,” ಅಂದೆ ನಾನು.

“ಹಂಗಾದ್ರೆ ಕಮ್ಮಿ ತಂದಿದ್ದೇ ನನ್ನ ತಪ್ಪು ಅನ್ನು.”

ಏನೆಂದಳು ಎಂದು ಸಾಹೇಬರು ಕೇಳಿದರು. ತಪ್ಪೊಪ್ಪಿಕೊಂಡಳು ಎಂದೆ. ದಂಡ, ಇಲ್ಲವೇ ಹತ್ತು ದಿನ ಜೈಲು ಎಂದು ತೀರ್ಪಾಯಿತು. ದಂಡ ಕಟ್ಟಲು ಬಂದ ಅಳಿಯನ ಕೈ ತಳ್ಳಿ ಅಜ್ಜಿ ಜೈಲಿಗೇ ನಡೆದಳು.

ಮರುದಿನ ಬೆಳಿಗ್ಗೆ ನಾಖುದಾ ಸರಕನ್ನೆಲ್ಲ ಮತ್ತೆ ಹಡಗಿಗೆ ಏರಿಸತೊಡಗಿದ. ಡಚ್ಚರ ರಿಯಾವು ಬಂದರು ಒಂದೇ ದಿನದ ದಾರಿ; ಸರಕೆಲ್ಲ ಅಲ್ಲಿ ಮಾರಾಟವಾಗುತ್ತಿತ್ತು. ನಮ್ಮ ವರ್ತಕ ದೊರೆಗಳಿಗೆ ಬೆವರಿಳಿಯಿತು. ಟೋಪಿ ಕೈಯಲ್ಲಿ ಹಿಡಿದು ಸಾಹೇಬರಲ್ಲಿಗೆ ಓಡಿದರು. ಮಧ್ಯಾಹ್ನದೊಳಗೆ ಅಫೀಮು ಔಷಧಿಯಾಯಿತು, ಅಜ್ಜಿ ನಿರಪರಾಧಿಯಾದಳು.

ನಾನು ಜೈಲಿಗೆ ಬಿಡಿಸಿಕೊಂಡು ಬರಲು ಹೋದರೆ ಅಜ್ಜಿ ಏಳಲೇ ಇಲ್ಲ. ಪಕ್ಕದಲ್ಲಿ ಮೆಣಸಿನ ತೋಟದ ಚೀನೀ ಕೂಲಿಯೊಬ್ಬ ಕುಕ್ಕುರುಗಾಲಲ್ಲಿ ಕೂತಿದ್ದ.

“ಈ ಕಿಯಾಮನೂ ಚಿಟಿಕೆಗೇ ಬಂದೋನು. ಇವನನ್ನ ಬಿಡಲ್ವಾ?”

“ಇವನಿಗೆ ಹಡಗಿಲ್ಲ ಅಜ್ಜಿ.”

“ನನ್ನ ಅಳಿಯನಿಗೆ ಹನ್ನೆರಡಿವೆ. ಒಂದು ಇವನದು ಅಂತ ಬರ್ಕೋ.”

ಬಿಡುಗಡೆಯ ಕಾಗದದಲ್ಲಿ ಹಾಗೇ ಬರೆದುಕೊಂಡೆ. ವರ್ತಕರು ಹೊರಗೆ ಬಿಸಿಲಲ್ಲಿ ಕಾಯುತ್ತಿದ್ದರಾದ್ದರಿಂದ ಸಾಹೇಬರು ಓದದೆ ಸಹಿ ಹಾಕಿದರು. ಕಿಯಾಮ್ ಹಡಗಿನ ಒಡೆಯನಾಗಿ ಜೈಲಿನಿಂದ ಹೊರಬಿದ್ದ.

ಎರಡು ತಿಂಗಳಿಗೆ ಗಾಳಿ ತಿರುಗಿ ಬುಗಿಸರು ಊರಿಗೆ ಹೊರಟರು. ಅದೇ ವಾರ ಕಿಯಾಮ್ ಮತ್ತೆ ಸಿಕ್ಕಿಬಿದ್ದ. ನನಗೆ ಹಡಗಿದೆ ಎಂದು ವಾದಿಸಿದ. ಎಲ್ಲಿ, ತೋರಿಸು ಎಂದರು ಸಾಹೇಬರು. ಅವನು ಕಿಟಕಿಯಾಚೆ ಬಂದರಿನತ್ತ ಕೈ ಚಾಚಿ, ಹೊರಟುಹೋದ ಹಡಗನ್ನು ಬಹಳ ಹೊತ್ತು ಕಣ್ಣಲ್ಲೇ ಹುಡುಕಿದ. ಈ ಸಲ ಮೂರು ತಿಂಗಳು ಕೊಟ್ಟರು.