ನರ್ಸಮ್ಮನ ಭಾನುವಾರ, ಕರೆಂಟ್ ಕಾರಿನ ಕಂತು

ನರ್ಸಮ್ಮನ ಹಳೇ ಕಾರು ಆ ವಾರ ಮೂರನೇ ಸಲ ಕೈಕೊಟ್ಟಿತು. ಅವಳದು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ. ಗಾಯದ ಪಟ್ಟಿ ಬದಲಿಸಬೇಕು, ಇಂಜೆಕ್ಷನ್ ಕೊಡಬೇಕು, ಹಾಸಿಗೆ ಹಿಡಿದವರನ್ನು ಮಗ್ಗುಲು ತಿರುಗಿಸಬೇಕು. ದಿನಕ್ಕೆ ಏಳು ಮನೆ. ಅಂದು ಬಸ್ಸಿನಲ್ಲಿ ಮೂರು ಮನೆ ಮುಗಿಸಿದಳು. ಉಳಿದ ನಾಲ್ಕು ಮನೆಯವರ ಬೈಗುಳವನ್ನು ಫೋನಿನಲ್ಲೇ ಕೇಳಿಸಿಕೊಂಡಳು.

ಸಂಜೆ ಬಂದವಳು ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕೂತಳು. ಕೈಯಲ್ಲಿ ಷೋರೂಮಿನವರು ಕೊಟ್ಟ ಕಾಗದವಿತ್ತು. ಎಲೆಕ್ಟ್ರಿಕ್ ಕಾರು, ಮೂರು ವರ್ಷದ ಲೀಸು, ತಿಂಗಳ ಕಂತು ಇಷ್ಟು.

ಅವಳ ಗಂಡ ಲಿಫ್ಟ್ ರಿಪೇರಿಯವನು. ಕಾಗದ ನೋಡಿ ಮಡಿಸಿಟ್ಟ.

"ಇದು ನಮ್ಮ ಕೈಗೆ ಎಟುಕೋದಲ್ಲ ಬಿಡು."

"ಎಟುಕಿಸ್ಕೋಬೇಕು ರೀ. ಭಾನುವಾರವೂ ಡ್ಯೂಟಿಗೆ ಹೋಗ್ತೀನಿ. ಸೂಪರ್‌ವೈಸರ್ ಕೇಳಿದಾರೆ, ನಾಳೆ ಮಧ್ಯಾಹ್ನದೊಳಗೆ ಹೇಳ್ಬೇಕು."

"ಇರೋದೇ ಒಂದು ರಜ."

"ಮೂರು ವರ್ಷ ತಾನೇ."

ಗಂಡ ಕಾಗದವನ್ನು ಮತ್ತೆ ಬಿಡಿಸಿ ಕಂತಿನ ಮೊತ್ತ ನೋಡಿದ. ಆ ಒಂದು ದಿನ ಮಲಗುವುದರಿಂದಲೇ ಅವಳು ಉಳಿದ ಆರು ದಿನ ನಡೆಯುತ್ತಿದ್ದಾಳೆ ಎಂಬುದು ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ನಾದಿನಿ ಬಂದಳು. ಅವಳು ಒಂದು ಕಂಪನಿಯ ವಾಹನ ವಿಭಾಗದಲ್ಲಿ ಗುಮಾಸ್ತೆ. ಲೀಸಿನ ಕಾಗದ ಓದಿ ಓದಿಯೇ ಕನ್ನಡಕ ಬಂದಿದ್ದು ಎನ್ನುತ್ತಾಳೆ.

"ಏನತ್ತಿಗೆ, ಮೆಟ್ಟಿಲು ಕಾಯ್ತಾ ಇದೀರಾ?"

"ಒಳಗೆ ಹೋಗೋಕೂ ಕಾಲಿಲ್ಲ ಕಣೆ."

ನಾದಿನಿ ಕಾಗದವನ್ನು ಎರಡು ಸಲ ಓದಿದಳು. "ಇದರಲ್ಲಿ ಒಂದು ರಿಯಾಯಿತೀನೂ ಕಾಣ್ತಿಲ್ವಲ್ಲ?"

"ಸರ್ಕಾರದ್ದು ಆಮೇಲೆ ಬರುತ್ತಂತೆ," ಎಂದ ಗಂಡ.

"ಯಾರಿಗೆ ಬರುತ್ತೆ? ಲೀಸು ಅಂದ್ರೆ ಬಾಡಿಗೆ ಇದ್ದ ಹಾಗೆ ಅಣ್ಣ. ಕಾರಿನ ಮಾಲೀಕರು ಲೀಸ್ ಕಂಪನಿಯವರು. ಎಷ್ಟೋ ಕಡೆ ಸರ್ಕಾರದ ಹಣ ಅವರ ಕೈಗೇ ಹೋಗುತ್ತೆ. ಅದನ್ನ ನಮ್ಮ ಕಂತಲ್ಲಿ ಇಳಿಸಿದೀರಾ ಅಂತ ನಾವೇ ಕೇಳ್ಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ."

"ಆರೋಗ್ಯ ಸಿಬ್ಬಂದಿಗೂ ಏನೋ ರಿಯಾಯಿತಿ ಇದೆಯಂತೆ," ಎಂದಳು ನರ್ಸಮ್ಮ. "ಕೇಳೋಕೆ ಸಂಕೋಚ ಆಯ್ತು. ಒಂದು ಕೇಳಿದ್ರೆ ಇನ್ನೊಂದು ಕೊಡಲ್ಲ ಅಂದ್ರೆ?"

"ಊರಿಗೆಲ್ಲ ಸೂಜಿ ಚುಚ್ಚೋಕೆ ಸಂಕೋಚ ಇಲ್ಲ, ಬಾಯಿ ಬಿಡೋಕೆ ಸಂಕೋಚ. ನೋಡಿ ಅತ್ತಿಗೆ, ಸರ್ಕಾರದ್ದು, ಷೋರೂಮಿನದ್ದು, ಮನೆ ಚಾರ್ಜರಿಗೆ ಕರೆಂಟ್ ಕಚೇರಿಯದ್ದು, ಎಲ್ಲಾ ಬೇರೆ ಬೇರೆ ಜೇಬು. ಬೇರೆ ಜೇಬಿನವು ಎಷ್ಟೋ ಸಲ ಒಟ್ಟಿಗೆ ಸಿಗ್ತವೆ. ಒಂದೇ ಜೇಬಿನವು ಎರಡಿದ್ರೆ ಒಂದೇ ಕೊಡ್ತೀವಿ ಅನ್ನಬಹುದು. ಆಗ ದೊಡ್ಡದು ಹಿಡ್ಕೊಳ್ಳಿ. ಹಳೇ ಕಾರು ಷೋರೂಮಿಗೆ ಕೊಟ್ರೆ ಅದಕ್ಕೂ ಬೋನಸ್ ಇರುತ್ತೆ."

ಗಂಡ ಕೆಮ್ಮಿದ. "ಆ ಕಾರನ್ನ ನಮ್ಮ ಜೊತೆ ಕೆಲಸ ಮಾಡೋನಿಗೆ ಕೊಡ್ತೀನಿ ಅಂದಿದೀನಿ. ಬಿಡಿಭಾಗಕ್ಕೆ ಬೇಕಂತೆ. ಬೆಳಗ್ಗೆ ಬರ್ತಾನೆ."

"ಕಾಗದ ಆಯ್ತಾ?"

"ಇಲ್ಲ. ಮಾತು ಕೊಟ್ಟಿದೀನಿ."

"ಕಾರು ಅವನ ಹೆಸರಿಗೆ ಹೋದ್ರೆ ಬೋನಸ್ಸೂ ಹೋಯ್ತು. ಸಹಿ ಹಾಕೋ ದಿನ ಅದು ನಿಮ್ಮ ಹೆಸರಲ್ಲೇ ಇರಬೇಕು."

"ಕೊಟ್ಟ ಮಾತಿಗೆ ತಪ್ಪೋದು ಹೇಗೆ?"

ನರ್ಸಮ್ಮ ಬಾಗಿ ಚಪ್ಪಲಿ ಬಿಚ್ಚಿದಳು. ಪಾದದ ಮೇಲೆ ಚಪ್ಪಲಿ ಪಟ್ಟಿಯ ಗುರುತು ಆಳವಾಗಿ ಕೂತಿತ್ತು. ಗಂಡ ಅದನ್ನು ನೋಡಿ, ಫೋನು ತೆಗೆದುಕೊಂಡು ಹೊರಗೆ ಹೋದ. ಹಿಂದಿರುಗಿದಾಗ ಅವನ ಮುಖ ಸಣ್ಣದಾಗಿತ್ತು.

"ಕಾರು ಕೊಡೋಕಾಗಲ್ಲ ಅಂದಿದ್ದಕ್ಕೆ ನಾಲ್ಕು ಮಾತು ಅಂದ. ಅನ್ನಲಿ."

"ಮನೇಲಿ ಚಾರ್ಜರ್ ಹಾಕಿಸಿಬಿಟ್ಟೆಯಾ ಅಣ್ಣ?" ಎಂದಳು ನಾದಿನಿ.

"ಇನ್ನೂ ಇಲ್ಲ ತಾಯಿ."

"ಸದ್ಯ. ಮೊದಲು ಕರೆಂಟ್ ಕಚೇರಿಗೆ ರಿಯಾಯಿತಿ ಅರ್ಜಿ ಹಾಕು. ಹಾಕಿಸಿದ ಮೇಲೆ ಹೋದ್ರೆ ಎಷ್ಟೋ ಕಡೆ ಕೊಡಲ್ಲ."

ಮರುದಿನ ನರ್ಸಮ್ಮ ಅರ್ಧ ದಿನ ರಜೆ ಹಾಕಿ ಗಂಡನೊಂದಿಗೆ ಷೋರೂಮಿಗೆ ಹೋದಳು. ನಾದಿನಿಗೆ ಕಚೇರಿ ಇತ್ತು. ಕೇಳಬೇಕಾದವಳು ಇವಳೇ.

"ಸರ್ಕಾರದ ರಿಯಾಯಿತಿ ಯಾವ ಸಾಲಲ್ಲಿದೆ ತೋರಿಸ್ತೀರಾ?" ಅವಳ ದನಿ ಸಣ್ಣಗಿತ್ತು.

ಮಾರಾಟದವನು ಪುಟ ತಿರುವಿದ. ಸಾಲು ಇರಲಿಲ್ಲ. ಲೀಸ್ ಕಂಪನಿಗೆ ಫೋನು ಮಾಡಿದ. ಪೂರ್ತಿ ಅಲ್ಲ, ಮುಕ್ಕಾಲು ಪಾಲು ಇಳಿಸುತ್ತಾರಂತೆ. ಹಳೇ ಕಾರಿನ ಬೋನಸ್ ಸೇರಿಸಿದ. ಆರೋಗ್ಯ ಸಿಬ್ಬಂದಿಯ ರಿಯಾಯಿತಿಯೂ ತಿಂಗಳ ಕೊನೆಗೆ ಷೋರೂಮು ಕೊಡುವ ರಿಯಾಯಿತಿಯೂ ಒಟ್ಟಿಗೆ ಬರುವುದಿಲ್ಲ ಎಂದ.

"ಯಾವುದು ದೊಡ್ಡದೋ ಅದನ್ನ ಹಾಕಿ. ಎಲ್ಲಾ ಬೇರೆ ಬೇರೆ ಸಾಲಲ್ಲಿ ಬರೆದುಕೊಡಿ. ಓದಿ ಸಹಿ ಹಾಕ್ತೀನಿ."

ಒಂದೂವರೆ ಗಂಟೆ ಹಿಡಿಯಿತು. ಹೊಸ ಕಾಗದದಲ್ಲಿ ಕಂತು ಅವರು ಆಸೆಪಟ್ಟಷ್ಟು ಇಳಿದಿರಲಿಲ್ಲ. ಆದರೆ ಈಗ ಬರುವ ಸಂಬಳದಲ್ಲೇ ಕಟ್ಟಬಹುದಿತ್ತು. ಗಂಡ ಎರಡು ಸಲ ಓದಿದ, ತಲೆಯಾಡಿಸಿದ. ಅವಳು ಸಹಿ ಹಾಕಿದಳು.

ಹೊರಗೆ ಬರುವಷ್ಟರಲ್ಲಿ ಸೂಪರ್‌ವೈಸರ್ ಫೋನು. "ಭಾನುವಾರಕ್ಕೆ ನಿಮ್ಮ ಹೆಸರು ಬರ್ಕೊಳ್ಳಲಾ?"

"ಬೇಡ ಮೇಡಂ," ಎಂದಳು ನರ್ಸಮ್ಮ. "ಭಾನುವಾರ ನಾನು ಮಲಗಿರ್ತೀನಿ."

ಓದುತ್ತಿರುವ ನೀವೂ ದಣಿದಿರಬಹುದು. ದಣಿದವರು ಬೇಗ ಸಹಿ ಹಾಕಿಬಿಡುತ್ತಾರೆ. ಎಲೆಕ್ಟ್ರಿಕ್ ಕಾರು ಲೀಸಿಗೆ ತೆಗೆದುಕೊಳ್ಳುವ ಮೊದಲು ಒಂದು ದಿನ ತಡೆಯಿರಿ. ಯಾವ ಯಾವ ರಿಯಾಯಿತಿ ಇದೆ, ಯಾವುದು ಯಾವುದರ ಜೊತೆ ಸಿಗುತ್ತದೆ, ಅದು ಕಾಗದದ ಯಾವ ಸಾಲಿನಲ್ಲಿದೆ ಎಂದು ಕೇಳಿ. ಹಳೇ ಕಾರನ್ನು ಮಾರುವುದು, ಚಾರ್ಜರ್ ಹಾಕಿಸುವುದು ವಿಚಾರಿಸಿದ ಮೇಲಿರಲಿ. ನಿಯಮಗಳು ಊರಿಂದ ಊರಿಗೆ ಬೇರೆ, ಆಗಾಗ ಬದಲಾಗುತ್ತವೆ. ಆದ್ದರಿಂದ ಇಲ್ಲಿ ಓದಿದ್ದನ್ನೂ ನಿಮ್ಮ ಕಡೆಯ ಕಚೇರಿಯಲ್ಲಿ ಕೇಳಿಯೇ ನಂಬಿ. ಕೇಳುವುದು ಬೇಡುವುದಲ್ಲ. ನಿಮಗೆ ಸಲ್ಲಬೇಕಾದದ್ದನ್ನು ನೀವು ಕೇಳದಿದ್ದರೆ, ಆ ಕೊರತೆಯನ್ನು ನಿಮ್ಮ ಮೈಯೇ ದುಡಿದು ತುಂಬಬೇಕಾಗುತ್ತದೆ.