ಜೋಡಿ ಹೊಲಿಗೆ

ಪಾದಗಳು ಬರುತ್ತಿವೆ, ಅಲ್ಲ, ಪಾದಗಳಷ್ಟೇ ಅಲ್ಲ, ಮೇಲೆ ಇನ್ನೇನೋ ಇದೆ, ನೋಡಬೇಡ, ಸೂಜಿ ನೋಡು — ಗೋಣಿಯ ಬಾಯಿ ಮಡಿಸು, ಚುಚ್ಚು, ಎಳೆ, ದೇವರೇ ನಿನ್ನ ಹೆಸರು, ಚುಚ್ಚು, ಎಳೆ, ದೇವರೇ ನಿನ್ನ ಹೆಸರು, ಹೀಗೆ ಹೊಲಿಗೆಗೊಂದು ಸಲ ಅವನನ್ನು ನೆನೆಯುತ್ತ ಈ ಗೋದಾಮಿನ ಬಾಗಿಲಲ್ಲಿ ಕೂತು ಕೂದಲು ಬೆಳ್ಳಗಾಯಿತು, ಮೂಟೆಯ ಬಾಯಿ ಹೊಲಿಯುವವಳಿಗೆ ಲೋಕವೆಂದರೆ ನೆಲದಿಂದ ಮೊಣಕಾಲಿನವರೆಗೆ. ಹಮಾಲರು ಬರುತ್ತಾರೆ, ಮೂಟೆ ಬೆನ್ನಿಗೇರುತ್ತದೆ, ತಲೆ ಮುಂದಕ್ಕೆ ಬೀಳುತ್ತದೆ, ಗೋಣಿಗೇ ಕಾಲು ಮೂಡಿ ನಡೆದುಹೋದ ಹಾಗೆ ಕಾಣುತ್ತದೆ, ಅದೇ ಹೊರೆ ಹೊರುತ್ತಿದ್ದ ನಮ್ಮ ಯಜಮಾನರನ್ನೂ ನಾನು ಪಾದದಿಂದಲೇ ಗುರುತು ಹಿಡಿಯುತ್ತಿದ್ದೆ, ಎಡಗಾಲಿನ ಹೆಬ್ಬೆರಳು ಹೊರಕ್ಕೆ ತಿರುಗಿದ ಪಾದ, ಅದು ಕಂಡರೆ ಸೂಜಿ ಒಂದು ಕ್ಷಣ ನಿಲ್ಲುತ್ತಿತ್ತು, ಊರವರೆಲ್ಲ ಮುಖ ನೋಡಿ ಮದುವೆಯಾಗ್ತಾರೆ ಕಣೇ, ನೀನೊಬ್ಬಳು ಹೆಬ್ಬೆರಳಿಗೆ ಮರುಳಾದವಳು ಎಂದು ನಗುತ್ತಿದ್ದರು, ನಗುವಾಗಲೂ ಮುಖ ನೆಲದ ಕಡೆಗೇ, ಕತ್ತು ಮನೆಗೆ ಬಂದಮೇಲೂ ನೆಟ್ಟಗಾಗುತ್ತಿರಲಿಲ್ಲ, ಮೂಟೆ ಬೆನ್ನಿನಿಂದ ಇಳಿದರೂ ಕತ್ತಿನಿಂದ ಇಳಿಯಲಿಲ್ಲ. ಹೋದ ಬೇಸಿಗೆಯಲ್ಲಿ ಲಾರಿಯ ಹಲಗೆಯ ಮೇಲೆ ಅವರ ಕಾಲು ಜಾರಿತು, ಮೂಟೆ ಆ ಕತ್ತಿನ ಮೇಲೆಯೇ ಬಿತ್ತು, ಅಷ್ಟೇ. ನಾನು ದೇವರ ಮೇಲೆ ಮುನಿಸಿಕೊಳ್ಳಲಿಲ್ಲ — ಸುಳ್ಳು, ಮುನಿಸಿಕೊಂಡೆ, ತಿಂಗಳುಗಟ್ಟಲೆ ಬರೀ ಚುಚ್ಚಿದೆ, ಎಳೆದೆ, ಹೆಸರೆತ್ತಲಿಲ್ಲ, ಅವನೂ ಸುಮ್ಮನಿದ್ದ, ಬಾಗಿಲ ಬಿಸಿಲು ಮಾತ್ರ ದಿನವೂ ಬಂದು ಮಡಿಲಲ್ಲಿ ಕೂತು ಹೋಗುತ್ತಿತ್ತು.

ಬೆಳಿಗ್ಗೆ ಕಾರ್ಮಿಕ ಇಲಾಖೆಯ ಹೆಂಗಸು ಬಂದು ಗೋಡೆಗೆ ಫಲಕ ಹೊಡೆಸಿದಳು, ಇನ್ನು ಮೂಟೆಯ ತೂಕ ಮೊದಲಿನ ಅರ್ಧ, ಅದಕ್ಕಿಂತ ಹೆಚ್ಚು ಯಾರ ಬೆನ್ನಿಗೂ ಹೊರಿಸುವಂತಿಲ್ಲ, ಊರಿನವರಿಗೂ ಅದೇ, ಹೊರಗಿಂದ ಬಂದವರಿಗೂ ಅದೇ ಎಂದು ಓದಿ ಹೇಳಿದಳು. ಹೊರಗಿಂದ ಬಂದವರೆಂದರೆ ಉದ್ದಣ್ಣ, ಅವನ ಜೊತೆಯವರು, ಅವನ ಹೆಸರಿಗೆ ನಮ್ಮ ನಾಲಿಗೆ ಹೊರಳಲಿಲ್ಲ, ಎತ್ತರದವನೆಂದು ಉದ್ದಣ್ಣ ಅಂದೆವು, ನಮ್ಮ ಮಾತಿನಲ್ಲಿ ಅವನಿಗೆ ಗೊತ್ತಿರುವುದು ಅಮ್ಮ, ನೀರು, ದಾರಿ, ಯಜಮಾನರು ಹೋದಮೇಲೆ ಅವರ ಜಾಗಕ್ಕೆ ಬಂದವನು, ಅದಕ್ಕೇ ಮೊದಮೊದಲು ಅವನ ಪಾದ ಕಂಡರೆ ನನಗೆ ಆಗುತ್ತಿರಲಿಲ್ಲ. ಇಲಾಖೆಯವಳ ಗಾಡಿ ತಿರುವು ದಾಟುವುದೇ ತಡ ಮೀಸೆ ಮೇಸ್ತ್ರಿ ಬಂದ, ಮೀಸೆ ಬೋಳಿಸಿ ಎಷ್ಟೋ ಕಾಲವಾದರೂ ಹೆಸರು ಬೋಳಾಗಿಲ್ಲ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದ, ಅಜ್ಜಿ, ಎರಡೆರಡು ಮೂಟೆ ಬಾಯಿಗೆ ಬಾಯಿ ಕೂಡಿಸಿ ಹೊಲಿದುಬಿಡು, ಕತ್ತಿನ ಆಚೆಗೊಂದು ಈಚೆಗೊಂದು ಇಳಿಬಿಟ್ಟುಕೊಂಡು ಹೋಗ್ತಾರೆ, ಕಾನೂನು ಮೂಟೆಗೆ ಮಾಡಿದ್ದಾರೆ, ಜೋಡಿಗೆ ಮಾಡಿಲ್ಲ. ನಗು ಬಂದುಬಿಟ್ಟಿತು, ಎಂಥ ತಲೆಯಪ್ಪ ಇವನದು, ದೇವರು ಕೊಟ್ಟ ಬುದ್ಧಿಯನ್ನೆಲ್ಲ ಇಂಥದಕ್ಕೇ ಖರ್ಚು ಮಾಡುತ್ತಾನೆ, ಆಮೇಲೆ ಕತ್ತಿನ ಆಚೆ, ಕತ್ತಿನ ಈಚೆ ಎಂಬ ಮಾತು ಒಳಗಿಳಿಯಿತು. ಹೊಲಿಯದಿದ್ದರೆ ಈ ಬಾಗಿಲು ನನಗಿಲ್ಲ, ಈ ವಯಸ್ಸಿಗೆ ಬೇರೆ ಬಾಗಿಲೂ ತೆರೆಯದು, ಹೊಲಿದರೆ ಉದ್ದಣ್ಣನ ಕತ್ತು ತೂಗುವುದು ನನ್ನ ದಾರದಲ್ಲೇ — ಎರಡು ಮೂಟೆ ಹತ್ತಿರಕ್ಕೆ ಎಳೆದುಕೊಂಡಿದ್ದೇನೆ, ಬಾಯಿಗೆ ಬಾಯಿ ತಾಗಿಸಿದ್ದೇನೆ, ಸೂಜಿ ಒಂದರೊಳಗೆ ಹೋಗಿದೆ, ಇನ್ನೊಂದಕ್ಕೆ ಹೋಗಬೇಕು, ಹೋಗುತ್ತಿಲ್ಲ, ಪಾದಗಳು ಬರುತ್ತಿವೆ. ಉದ್ದಣ್ಣನವು. ಮೇಸ್ತ್ರಿ ಬರುವ ಮೊದಲೇ ನಾನು ಹೊಲಿದಿಟ್ಟಿದ್ದ ಅರ್ಧ ತೂಕದ ಒಂಟಿ ಮೂಟೆ ಅವನ ಹೆಗಲ ಮೇಲಿದೆ, ಬೆನ್ನಿನ ಮೇಲಲ್ಲ, ಹೆಗಲ ಮೇಲೆ, ನಾನು ನೋಡಿಬಿಟ್ಟೆ, ಪಾದದಿಂದ ಮೊಣಕಾಲು, ಮೊಣಕಾಲಿನಿಂದ ಎದೆ, ಕಣ್ಣು ಎಂದೂ ಹತ್ತದ ಮೆಟ್ಟಿಲು ಹತ್ತಿದ ಹಾಗೆ ಹತ್ತಿತು, ಅಲ್ಲಿ ಮುಖ. ಹೊರೆ ಹೊತ್ತವನಿಗೂ ಮುಖ. ಕೆನ್ನೆಯಲ್ಲಿ ಒಂದು ಮಚ್ಚೆ, ಹುಬ್ಬಿನಲ್ಲಿ ಬೆವರು, ಕಣ್ಣು ಬಾಗಿಲಿನ ಬೆಳಕಿನಲ್ಲಿ ಕಿರಿದಾಗಿದೆ, ಇಷ್ಟು ದಿನ ಇವನೊಬ್ಬ ಮನುಷ್ಯ ಇಲ್ಲಿ ಓಡಾಡಿದ, ನನಗೆ ಈ ಮಚ್ಚೆ ಗೊತ್ತಿಲ್ಲ, ದೇವರೇ, ನಿನ್ನ ಕೈಯ ಕೆಲಸ ಇಷ್ಟು ಹತ್ತಿರ ಇತ್ತೇ.

ಸೂಜಿ ಹಿಂದಕ್ಕೆ ಎಳೆದೆ. ಒಂದರ ಬಾಯಿ ಅದಕ್ಕೇ ಹೊಲಿದೆ, ಇನ್ನೊಂದರದು ಅದಕ್ಕೇ, ಬೇರೆಬೇರೆಯಾಗಿ. ಮೇಸ್ತ್ರಿ ಬಂದು ನಿಂತ, ಅಜ್ಜಿ, ಕಣ್ಣು ಕಾಣಿಸಲ್ವಾ ನಿಂಗೆ, ಕಾಣಿಸ್ತಿದೆ ಮೇಸ್ತ್ರಿ, ಅದಕ್ಕೇ, ಎಂದೆ, ನಾಳೆ ಇಲ್ಲಿ ಬೇರೆಯವಳನ್ನ ಕೂರಿಸ್ತೀನಿ ಎಂದ, ಕೂರಿಸಪ್ಪಾ, ಇವತ್ತಿನ ಸೂಜಿ ನಂದು. ಅವನು ಗೊಣಗುತ್ತ ಹೋದ, ನಾಳೆ ಏನೋ ಎಂತೋ, ಚುಚ್ಚು, ಎಳೆ, ಅವರು ಒಬ್ಬರ ಹಿಂದೊಬ್ಬರು ಬರುತ್ತಿದ್ದಾರೆ, ಮುಖ, ಮತ್ತೊಂದು ಮುಖ, ಇವನ ಮೂಗು ಥೇಟ್ ಗಿಣಿಯ ಕೊಕ್ಕಿನ ಹಾಗಿದೆ, ಇವನು ಇನ್ನೂ ಎಳೆಯ, ಹಿಂದಿನವನು ಅವರ ಮಾತಿನಲ್ಲಿ ಏನೋ ಅಂದ, ಏನಂದನೋ, ನನಗೆ ತಿಳಿಯಲಿಲ್ಲ, ಉದ್ದಣ್ಣ ಹೊರೆಯನ್ನು ಹೆಗಲ ಮೇಲಿಟ್ಟುಕೊಂಡೇ ನಿಂತ, ನಕ್ಕ, ಅವನ ಕಡೆಗೆ ಕತ್ತು ತಿರುಗಿಸಿದ — ಕತ್ತು ತಿರುಗಿತು, ಮೂಟೆ ಹೊತ್ತ ಕತ್ತು, ತಿರುಗಿತು