ಪ್ಲಾಸ್ಟಿಕ್ ಕೀಳದ ಸೂಟ್‌ಕೇಸು

ಮೂರನೆಯ ಸೀರೆಯನ್ನು ಸುರುಳಿ ಸುತ್ತಿ ಸೂಟ್‌ಕೇಸಿನ ಮೂಲೆಗೆ ಒತ್ತುವಷ್ಟರಲ್ಲಿ ಎರಡು ಕೆಜಿ ರಾಗಿಹಿಟ್ಟಿನ ಪೊಟ್ಟಣ ಅದರ ಮೇಲೆ ಬಂದು ಕೂತಿತು. ಪುಷ್ಪ ತಲೆಯೆತ್ತಲಿಲ್ಲ. ಇಟ್ಟ ಕೈ ಗಂಡನ ಅಕ್ಕ ಜಯಲಕ್ಷ್ಮಮ್ಮನದೆಂದು ಬಳೆಯ ಸದ್ದೇ ಹೇಳಿತು.

"ಅಲ್ಲಿ ಬರೀ ಚಪಾತಿನಂತೆ ಕಣಮ್ಮಿ. ಎಂಟು ದಿನ ಮುದ್ದೆ ಇಲ್ದೆ ಎಂಗಿದ್ದೀಯೆ?"

"ಹೋಟ್ಲು ರೂಮಲ್ಲಿ ಮುದ್ದೆ ತಿರುವೋರ್ಯಾರು ಅಕ್ಕ?"

"ಕೇಳುದ್ರೆ ಬಿಸ್ನೀರು ಕೊಡಕಿಲ್ವಾ?"

ಮೈಸೂರು, ಧರ್ಮಸ್ಥಳ ಬಿಟ್ಟು ಆಚೆಗೆ ಕಾಲಿಡದ ಜಯಲಕ್ಷ್ಮಮ್ಮನಿಗೆ ಗುಜರಾತಿನ ಊಟ, ಚಳಿ, ಕಳ್ಳರು ಎಲ್ಲವೂ ಗೊತ್ತಿತ್ತು. ಹೊಸಹೊಳಲಿನ ಪಕ್ಕದ ಈ ಊರಿನ ಮಹಿಳಾ ಹಾಲಿನ ಸಂಘಕ್ಕೆ ಪುಷ್ಪ ಹತ್ತೊಂಬತ್ತು ವರ್ಷದಿಂದ ಕಾರ್ಯದರ್ಶಿ. ಹಾಲು ಒಕ್ಕೂಟದವರು ತಾಲ್ಲೂಕಿನ ಹನ್ನೆರಡು ಹೆಂಗಸರನ್ನು ಗುಜರಾತಿನ ಡೇರಿಗಳನ್ನು ನೋಡಿಬರಲು ವಿಮಾನದಲ್ಲಿ ಕಳಿಸುತ್ತಿದ್ದರು. ಒಬ್ಬರಿಗೆ ಒಂದು ಪೆಟ್ಟಿಗೆ, ಹದಿನೈದು ಕೆಜಿ. ಮನೆಯವರು ಯಾರೂ ಜೊತೆಯಿಲ್ಲದೆ ಅವಳು ಹೊರಟಿದ್ದು ಇದೇ ಮೊದಲು.

ಅದಕ್ಕೇ ಹೋದ ಭಾನುವಾರ ಬೆಳ್ಳೂರು ಕ್ರಾಸಿನ ಅಂಗಡಿಯಲ್ಲಿ ಒಂದೂವರೆ ಗಂಟೆ ನಿಂತು ಸೂಟ್‌ಕೇಸು ಆರಿಸಿದ್ದಳು. ಹಾಲಿನ ಕ್ಯಾನು ಎತ್ತಿ ಎತ್ತಿ ಅವಳ ಕೈಗೆ ತೂಕ ಗೊತ್ತು. ಒಂಬತ್ತನ್ನು ಎತ್ತಿ ನೋಡಿದಳು. ಜಿಪ್ಪಿನ ಹೊಲಿಗೆ ಎಳೆದಳು, ಹಿಡಿಯನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಮಾಡಿದಳು, ಚಕ್ರಕ್ಕೆ ಕಣ್ಣಿಟ್ಟು ತಿರುಗಿಸಿದಳು. ಕೊನೆಗೆ ಬೂದಿ ಬಣ್ಣದ್ದೊಂದನ್ನು ಹಿಡಿದಳು. ಎರಡೂವರೆ ಕೆಜಿ, ದಪ್ಪ ಚಕ್ರ, ಬೆರಳಲ್ಲಿ ತಳ್ಳಿದರೆ ಓಡುತ್ತಿತ್ತು.

"ಮೇಡಂ, ಮದ್ವೆಗೆ ಗಂಡನ್ನೂ ಯಾರೂ ಇಷ್ಟು ನೋಡಲ್ಲ," ಎಂದಿದ್ದ ಅಂಗಡಿಯವನು. ಪುಷ್ಪ ನಕ್ಕಿದ್ದಳು. ಗಂಡ ತಿಮ್ಮೇಶನನ್ನು ಮದುವೆಗೆ ಮುಂಚೆ ಅವಳು ನೋಡಿದ್ದು ಕಾಫಿ ಲೋಟ ಕೆಳಗಿಡುವಷ್ಟು ಹೊತ್ತು ಮಾತ್ರ. ಒಮ್ಮೆ ಎತ್ತಿ ನೋಡಿದ್ದರೂ ಗೊತ್ತಾಗುತ್ತಿತ್ತು, ಭಾರ ಎಷ್ಟು ಅಂತ.

ಸೋಮವಾರ ಬೆಳಿಗ್ಗೆ ತಿಮ್ಮೇಶ ಆ ಸೂಟ್‌ಕೇಸನ್ನು ಬೈಕಿಗೆ ಕಟ್ಟಿಕೊಂಡು ಹೋದ. ಮಧ್ಯಾಹ್ನ ಚಿನ್ನದ ಅಂಚಿನ ಕೆಂಪು ಪೆಟ್ಟಿಗೆಯೊಂದಿಗೆ ಬಂದ. ಖಾಲಿಯೇ ಐದು ಕೆಜಿ. ಮೈಗೆಲ್ಲ ಅಂಟಿದ ಪ್ಲಾಸ್ಟಿಕ್ ಹಾಳೆ.

"ಅದೇ ರೇಟ್ಗೆ ಡಬಲ್ ಸೈಜು! ಪ್ಲಾಸ್ಟಿಕ್ ಕೀಳ್ದೆ ಬಿಲ್ಲು ತಂದ್ರೆ ವಾರ್ದೊಳ್ಗೆ ಯಾವ್ದಾರ ಬದ್ಲಾಯ್ಸ್ಕೋ ಅಂದ ಅಂಗ್ಡಿಯವ್ನು. ನಿಂಗೆ ಯಾಪಾರ ಬರಾಕಿಲ್ಲ ಕಣೆ. ಈಗ ನೀನು ತಗಂಡೋಗು, ಆಮೇಕೆ ಪೂಜನ ಮದ್ವೆಗೆ ಆಯ್ತದೆ. ಪ್ಲಾಸ್ಟಿಕ್ ಮಾತ್ರ ಕೀಳ್ಬ್ಯಾಡ. ನೆಲದ ಮ್ಯಾಲೆ ಎಳೀಬ್ಯಾಡ, ಎತ್ಕೊಂಡು ಓಗು. ಮದ್ಲಿಂಗಿತ್ತಿ ಪೆಟ್ಗೆ ಗೀರಿರ್ಬಾರ್ದು."

ನರ್ಸಿಂಗ್ ಓದುತ್ತಿದ್ದ ಮಗಳು ಪೂಜಾಳಿಗೆ ಗಂಡು ಇನ್ನೂ ಗೊತ್ತಾಗಿರಲಿಲ್ಲ. ಸೀರೆ ತುಂಬಿ ಬೀಗರ ಮುಂದೆ ಇಳಿಸುವ ಪೆಟ್ಟಿಗೆ ಗೊತ್ತಾಗಿತ್ತು. ಅದರ ನಾಲ್ಕು ಚಕ್ರಗಳು ಹೊಳೆಯುತ್ತಲೇ ಇರಲೆಂದು ಪುಷ್ಪ ಅದನ್ನು ವಿಮಾನ ನಿಲ್ದಾಣದ ಉದ್ದಕ್ಕೂ ಹೊರಬೇಕಿತ್ತು.

ಇವತ್ತು ಶುಕ್ರವಾರ. ಸಂಜೆಯ ಹಾಲು ಅಳೆದು ಮುಗಿಯುವ ಹೊತ್ತಿಗೆ ತಿಮ್ಮೇಶ ತುಂಬಿದ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಸಂಘಕ್ಕೇ ಬಂದ. ಕ್ಯಾನಿಡುವ ತಕ್ಕಡಿಯ ಮೇಲೆ ನಿಲ್ಲಿಸಿದ. ಅಂಕಿ ಮಿನುಗಿತು.

"ಅದ್ನಾಲ್ಕು ಕಾಲು! ನಾನೇಳಿರ್ಲಿಲ್ವಾ?"

ಖಾಲಿ ಕ್ಯಾನು ಹಿಡಿದು ನಿಂತಿದ್ದ ದ್ಯಾವಯ್ಯ ನಕ್ಕ. "ಒಳ್ಳೆ ಕರಾವು ಕಣ್ಲಾ ತಿಮ್ಮೇಶ, ಕೆಂದಹಸ ಇಂಗೆ ಕೊಟ್ರೆ ಬದುಕ್ಬುಟ್ಟೆ!"

"ಇನ್ನೂ ಮುಕ್ಕಾಲು ಕೆಜಿ ಜಾಗ ಐತೆ. ಅಕ್ಕನ ಚಟ್ನಿಪುಡೀನೂ ಇಡ್ಬೋದು."

ಆ ತಕ್ಕಡಿ ಕ್ಯಾನಿನ ತೂಕವೆಂದು ನಾಲ್ಕು ಕೆಜಿಯನ್ನು ತಾನೇ ಕಳೆದು ತೋರಿಸುತ್ತದೆ. ದಿನಾ ಬೆಳಿಗ್ಗೆ ಹಾಗೆ ಹೊಂದಿಸುವವಳು ಪುಷ್ಪ. ತನ್ನ ಹಾಲಿಗೆ ತೂಕ ಕಮ್ಮಿ ತೋರಿಸುತ್ತದೆಂದು ಹತ್ತೊಂಬತ್ತು ವರ್ಷ ಜಗಳವಾಡಿದ ಗಂಡ ಇವತ್ತು ಅದೇ ತಕ್ಕಡಿಯನ್ನು ದೇವರ ಮಾತಿನಂತೆ ನಂಬಿ ಎದೆಯುಬ್ಬಿಸಿದ್ದ. ಹದಿನೆಂಟು ಕಾಲು ಎಂದು ಹೇಳಲು ಅವಳು ಬಾಯಿ ತೆರೆದಳು. ಸುತ್ತ ನಿಂತವರ ಮುಖ ನೋಡಿ ಮುಚ್ಚಿದಳು. ಹೇಳಿದ್ದರೂ ಹೊರಗೆ ತೆಗೆಯುವುದು ಯಾರ ಸಾಮಾನೆಂದು ಅವಳಿಗೆ ಗೊತ್ತಿತ್ತು.

ಹೇಳದೆಯೂ ಅದೇ ಆಯಿತು. ಪೆಟ್ಟಿಗೆ ಮನೆಗೆ ಬಂದ ಸ್ವಲ್ಪ ಹೊತ್ತಿಗೆ ಅವಳ ನೀಲಿ ಚೂಡಿದಾರ ಮಂಚದ ಮೇಲೆ ಬಿದ್ದಿತ್ತು. ನಾಗಮಂಗಲದಲ್ಲಿ ಹೊಲಿಸಿ, ನಾಲ್ಕು ತಿಂಗಳು ಬೀರುವಿನಲ್ಲಿಟ್ಟು, ಒಂದು ದಿನವೂ ಹಾಕಿರಲಿಲ್ಲ. ಸೀರೆಯ ನೆರಿಗೆ ಹಿಡಿಯದೆ ವಿಮಾನದ ಮೆಟ್ಟಿಲು ಹತ್ತಬೇಕೆಂಬುದು ಅವಳ ಆಸೆ, ಅಷ್ಟೇ.

"ಚಟ್ನಿಪುಡೀಗೆ ಜಾಗ ಬೇಕಾಗಿತ್ತು, ತಗ್ದೆ," ಎಂದಳು ಜಯಲಕ್ಷ್ಮಮ್ಮ. "ಈ ವಯಸ್ನಲ್ಲಿ ಅದ್ನಾಕ್ಕೊಂಡು ಯಾರ್ಗಮ್ಮಿ ತೋರುಸ್ಬೇಕು?"

ತಿಮ್ಮೇಶ ಬಾಗಿಲಲ್ಲಿ ನಿಂತು ಕೊನೆಯ ಅಪ್ಪಣೆ ಕೊಟ್ಟ.

"ನಾಳೀಕೆ ನಿಮ್ ಬಸ್ಸು ಬೆಳ್ಳೂರು ಕ್ರಾಸಲ್ಲಿ ತಿಂಡೀಗೆ ಅರ್ಧ ಗಂಟೆ ನಿಲ್ತದಂತೆ. ಪೆಟ್ಗೆ ಬಸ್ಸಲ್ಲಿ ಬುಡ್ಬ್ಯಾಡ, ಜತೇಲೇ ಇಳುಸ್ಕೋ. ಪ್ಲಾಸ್ಟಿಕ್ ಅರೀದಂಗೆ ನೋಡ್ಕೋ."

"ಹರಿಯಲ್ಲ ಬುಡಿ," ಎಂದಳು ಪುಷ್ಪ.

ಅಕ್ಕ ತಮ್ಮ ಇಬ್ಬರೂ ಊಟಕ್ಕೆ ಕೂತರು. ಪುಷ್ಪ ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದ ಬಿಲ್ಲನ್ನು ತೆಗೆದು ತಾರೀಕು ನೋಡಿದಳು. ಭಾನುವಾರದ್ದು; ವಾರ ತುಂಬಲು ಇನ್ನೂ ಎರಡು ದಿನವಿತ್ತು. ಬಸ್ಸು ನಿಲ್ಲುವ ಹೋಟೆಲಿನ ಎದುರಿಗೇ ಆ ಅಂಗಡಿ. ಬೂದಿ ಬಣ್ಣದ್ದು ಅಲ್ಲೇ ಇದ್ದರೆ ಅದು, ಇಲ್ಲದಿದ್ದರೆ ಅದರಂಥದ್ದೇ ಇನ್ನೊಂದು. ರಾಗಿಹಿಟ್ಟು, ಚಟ್ನಿಪುಡಿ ಹೋಟೆಲಿನ ಪಾತ್ರೆ ತೊಳೆಯುವ ಹೆಂಗಸಿಗೆ.

ಬಿಲ್ಲನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು. ಚೂಡಿದಾರವನ್ನು ಸುರುಳಿ ಸುತ್ತಿ ಚಟ್ನಿಪುಡಿಯ ಮೇಲೆ ಅದುಮಿದಳು. ಜಿಪ್ಪು ಎಳೆಯುವಾಗ ಪ್ಲಾಸ್ಟಿಕ್ಕಿನ ಒಂದು ಅಂಚು ಸಿಕ್ಕಿಕೊಳ್ಳುವುದರಲ್ಲಿತ್ತು. ಉಗುರಿನಿಂದ ಅದನ್ನು ಮೆಲ್ಲಗೆ ಬಿಡಿಸಿ, ಮೊದಲಿನಂತೆ ಒತ್ತಿ ಅಂಟಿಸಿದಳು.

"ಇನ್ನೊಂಚೂರು ಸಾರು ಬುಡೆ," ಎಂದ ತಿಮ್ಮೇಶ ಒಳಗಿನಿಂದ.

ಪುಷ್ಪ ಕೈ ಒರೆಸಿಕೊಂಡು ಎದ್ದಳು.